ಪೆಟಿಫೋರ್ಡ್ ಮನೆತನವೆಂಬ ತಾತ್ಕಾಲಿಕ ಫಲಕ

ವಾಷಿಂಗ್ಟನ್ನಿನ ಸ್ವಾತಂತ್ರ್ಯ ಸ್ತಂಭವನ್ನು ಯಾರೂ ಕಟ್ಟಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ಸ್ಮಾರಕ ಫಲಕ ಸಮಿತಿಯ ದಾಖಲೆಯಲ್ಲೇ ಹಾಗಿದೆ. ನಕ್ಷೆ ಬರೆದವರ ಹೆಸರಿದೆ, ಹಣ ಕೊಟ್ಟವರ ಹೆಸರಿದೆ, ಉದ್ಘಾಟನೆಯ ದಿನ ಬಿಸಿಲಿನಲ್ಲಿ ಎರಡೂವರೆ ಗಂಟೆ ಭಾಷಣ ಮಾಡಿದವರ ಹೆಸರಿದೆ. ಕಲ್ಲಿನ ಗಾಡಿ ಎಳೆದ ಡಚೆಸ್ ಎಂಬ ಹೇಸರಗತ್ತೆಗೆ ಕಂಚಿನ ಫಲಕವೇ ಇದೆ. 'ಕಟ್ಟಿದವರು' ಎಂಬ ಅಂಕಣದಲ್ಲಿ ಮಾತ್ರ ಒಂದು ಗೆರೆ ಎಳೆದಿದ್ದಾರೆ. ಗೆರೆ ನೇರವಾಗಿದೆ.

ನಾನು ಆ ಸಮಿತಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಪೆಟಿಫೋರ್ಡ್ ಮನೆತನದ ಅಳಿಯನೂ ಹೌದು. ಹಾಗಂತ ಈ ವರದಿಯಲ್ಲಿ ಪಕ್ಷಪಾತ ಇರುವುದಿಲ್ಲ. ಪಕ್ಷ ವಹಿಸುವಷ್ಟು ಸಲಿಗೆಯನ್ನು ಆ ಮನೆಯಲ್ಲಿ ನನಗೆ ಯಾರೂ ಕೊಟ್ಟಿಲ್ಲ.

ನಮ್ಮ ಅತ್ತೆ ಒಜೆಲ್ಲಾ ಪೆಟಿಫೋರ್ಡ್ ಅವರಿಗೆ ಎಂಬತ್ತಮೂರು. ಬಿಳಿ ಕೈಗವಸು ತೊಟ್ಟು ಚರ್ಚಿನಲ್ಲಿ ಜನರನ್ನು ಬೆಂಚಿಗೆ ಕೂರಿಸುವ ಸೇವೆಯನ್ನು ಐವತ್ತು ವರ್ಷ ಮಾಡಿದವರು. ಅವರ ಬೆರಳು ಎದ್ದರೆ ಪಾದ್ರಿಯೂ ಕೂತುಬಿಡುತ್ತಾನೆ. ಅವರ ಮುತ್ತಜ್ಜ ಐಸಮ್ ಗುಲಾಮನಾಗಿದ್ದ. ಸ್ತಂಭದ ತುದಿಗಲ್ಲನ್ನು ಮೇಲೇರಿಸಿ ಕೂರಿಸಿದ್ದು ತಾನೇ ಎಂದು ಸಾಯುವಾಗ ಅವನು ಹೇಳಿದ್ದು ಚರ್ಚಿನ ಹಳೇ ಪುಸ್ತಕದಲ್ಲಿದೆ. ಅತ್ತೆಗೆ ಬೇಕಾಗಿದ್ದು ಇಷ್ಟೇ: ತಾನು ಕಣ್ಣು ಮುಚ್ಚುವುದರೊಳಗೆ ಆ ಹೆಸರು ಸ್ತಂಭದ ಬುಡದಲ್ಲಿ ಕಾಣಬೇಕು. ಡಾಕ್ಟರು ಅವರ ಎದೆ ಪರೀಕ್ಷಿಸಿ, ಹೆಚ್ಚೆಂದರೆ ಎರಡು ವರ್ಷ ಅಂದಿದ್ದರು. ನಮ್ಮ ಸಮಿತಿಯಲ್ಲಿ ಎರಡು ವರ್ಷಕ್ಕೆ ಅರ್ಜಿಯ ಲಕೋಟೆಯನ್ನೂ ಒಡೆಯುವುದಿಲ್ಲ. ನಾನೇ ಕದ್ದು ಒಡೆದೆ.

ಸಮಿತಿಯ ಕಾರ್ಯದರ್ಶಿ ವೀಲಾಕ್ ಸಾಹೇಬರು ಬಹಳ ಸಂಭಾವಿತರು. ಯಾರಿಗೂ ಆಗುವುದಿಲ್ಲ ಎಂದು ಹೇಳಿದವರಲ್ಲ, ಆಗುತ್ತದೆ ಎಂದೂ ಹೇಳಿದವರಲ್ಲ. ಅತ್ತೆಯನ್ನು ಕುರ್ಚಿ ಹಾಕಿ ಕೂರಿಸಿ, ಹದಿನಾಲ್ಕನೇ ನಮೂನೆಯನ್ನು ಮುಂದಿಟ್ಟರು. ಕೆಲಸ ಮಾಡಿದ ವ್ಯಕ್ತಿ, ತಾನು ಕೆಲಸ ಮಾಡಿದ್ದು ನಿಜವೆಂದು ಸ್ವಹಸ್ತದಿಂದ ಸಹಿ ಹಾಕತಕ್ಕದ್ದು.

"ಆ ಕಾಲದಲ್ಲಿ ಗುಲಾಮರಿಗೆ ಅಕ್ಷರ ಕಲಿಸಿದರೆ ಜೈಲಿಗೆ ಹಾಕ್ತಿದ್ರು ಕಣಪ್ಪ," ಅಂದರು ಅತ್ತೆ.

"ಸಮಿತಿ ವಿಷಾದಿಸುತ್ತದೆ ಅಮ್ಮ. ಕಲಿತ ಮೇಲೆ ಬಂದು ಹಾಕಲಿ, ಅವಸರವಿಲ್ಲ."

"ಅವನು ಸತ್ತು ನೂರಮೂವತ್ತು ವರ್ಷ ಆಯ್ತು."

"ಓಹೋ. ತಡವಾಗಿ ಬಂದವರಿಗೆ ಬೇರೆ ನಮೂನೆ ಇದೆ."

ಹಾಗಾದರೆ ಹೇಸರಗತ್ತೆ ಯಾವ ಶಾಲೆಗೆ ಹೋಗಿತ್ತು ಎಂದು ಅತ್ತೆ ಕೇಳಿದರು. ವೀಲಾಕ್ ಸಾಹೇಬರು ಸಿಟ್ಟಾಗದೆ ಕಡತ ತರಿಸಿ ತೋರಿಸಿದರು. ಡಚೆಸ್ ಗೊರಸಿನ ಗುರುತು ಒತ್ತಿತ್ತು, ಇಬ್ಬರು ಸಾಕ್ಷಿ ಹಾಕಿದ್ದರು.

ಅದೂ ಸಾಲದೆಂಬಂತೆ, ಸ್ತಂಭದ ಸುತ್ತ ಮುನ್ನೂರು ಅಡಿಯೊಳಗೆ ಕಲ್ಲು, ಲೋಹ, ಮರ, ಗಾಜು ಇವುಗಳ ಮೇಲೆ ಹೊಸದಾಗಿ ಏನನ್ನೂ ಬರೆಯಕೂಡದೆಂಬ ನಿಯಮವೂ ಇತ್ತು. ಆ ರಾತ್ರಿ ಅತ್ತೆ ನನ್ನ ಕೈಲಿ ಆ ನಿಯಮವನ್ನು ಮೂರು ಸಲ ಓದಿಸಿದರು.

"ಹತ್ತಿಬಟ್ಟೆ ಅಂತ ಇದೆಯೇನೋ ಅಳಿಯ?"

"ಇಲ್ಲ ಅತ್ತೆ."

"ಹೊಲದಲ್ಲಿ ಹತ್ತಿ ಬಿಡಿಸಿದ ಕಾಲದಿಂದ ಹತ್ತಿಗೂ ನಮಗೂ ಹಳೇ ನಂಟು. ನೀ ಊಟ ಮಾಡು."

ಪ್ರತಿ ಜುಲೈನಲ್ಲಿ ಪೆಟಿಫೋರ್ಡ್ ಬಳಗವೆಲ್ಲ ಒಂದೆಡೆ ಸೇರುತ್ತದೆ. ಕೆಂಡದ ಮೇಲೆ ಹಂದಿಯ ಪಕ್ಕೆಲುಬು ಸುಡುತ್ತಾರೆ. ಆಲೂಗಡ್ಡೆ ಸಲಾಡನ್ನು ಅತ್ತೆ ಒಪ್ಪಿದವರು ಮಾತ್ರ ಮಾಡುತ್ತಾರೆ. ಒಮ್ಮೆ ಅದಕ್ಕೆ ಒಣದ್ರಾಕ್ಷಿ ಹಾಕಿದ ಸೊಸೆಯೊಬ್ಬಳ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಅದರ ಮೇಲೆ ಮನೆತನದ ಹೆಸರು. ಬಣ್ಣ ಯಾವುದೆಂದು ಫೆಬ್ರುವರಿಯಿಂದಲೇ ಜಗಳ. ಆ ವರ್ಷ ಜಗಳವಾಗಲಿಲ್ಲ. ಕಿತ್ತಳೆ ಬಣ್ಣ ಅಂದರು ಅತ್ತೆ, ಮುಗಿಯಿತು. ಎದೆಯ ಮೇಲೆ ದಪ್ಪಕ್ಷರದಲ್ಲಿ: ಈ ಸ್ತಂಭ ಕಟ್ಟಿದವನು ಐಸಮ್ ಪೆಟಿಫೋರ್ಡ್.

ನೂರ ನಲವತ್ತಮೂರು ಜನ ಸ್ತಂಭದ ಸುತ್ತ ಬೆಳಗಿನಿಂದ ನಿಂತರು. ಪ್ರವಾಸಿಗರು ಡಚೆಸ್‌ಗೆ ಬೆನ್ನು ಹಾಕಿ ಇವರ ಫೋಟೋ ತೆಗೆದರು. ಸಮಿತಿ ತುರ್ತುಸಭೆ ಸೇರಿತು. ಅಕ್ಷರ ಇದೆ, ಜನ ಓದುತ್ತಿದ್ದಾರೆ, ಒಂದು ಗಂಟೆಗಿಂತ ಹೆಚ್ಚು ಒಂದೇ ಜಾಗದಲ್ಲಿದೆ. ಆದ್ದರಿಂದ ಇದು ಫಲಕ. ಅನಧಿಕೃತ ಫಲಕವನ್ನು ತೆಗೆಯಬೇಕು. ತೆಗೆಯಬೇಕಾದರೆ ಅದಕ್ಕೆ ಸಂಖ್ಯೆ ಕೊಡಬೇಕು. ಸಂಖ್ಯೆ ಕೊಟ್ಟ ಮೇಲೆ ಅದು ಅಧಿಕೃತ, ತೆಗೆಯುವಂತಿಲ್ಲ. ಸಂಜೆ ಐದಕ್ಕೆ ನಾನೇ ಪ್ರಕಟಣೆ ಅಂಟಿಸಿದೆ:

"ಪೆಟಿಫೋರ್ಡ್ ಮನೆತನವನ್ನು ತಾತ್ಕಾಲಿಕ ಫಲಕ ಸಂಖ್ಯೆ 71 ಎಂದು ಮಾನ್ಯ ಮಾಡಲಾಗಿದೆ. ಫಲಕವು ಪ್ರತಿದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕನಿಷ್ಠ ಒಬ್ಬ ವ್ಯಕ್ತಿಯಷ್ಟಾದರೂ ನಿಂತಿರತಕ್ಕದ್ದು. ಫಲಕವು ನಗಕೂಡದು, ಏನನ್ನೂ ಜಗಿಯಕೂಡದು. ವರ್ಷಕ್ಕೆರಡು ಸಲ ತುಕ್ಕಿನ ತಪಾಸಣೆ ನಡೆಯುವುದು. ಸತತ ಮೂರು ದಿನ ಫಲಕ ಗೈರುಹಾಜರಾದಲ್ಲಿ ಸದರಿ ಇತಿಹಾಸ ನಡೆದೇ ಇಲ್ಲವೆಂದು ಭಾವಿಸತಕ್ಕದ್ದು."

ಮನೆತನ ಹಿಗ್ಗಿತು. ಪಾಳಿಯ ಪಟ್ಟಿ ಬರೆಯುವ ಕೆಲಸ ನನ್ನ ತಲೆಗೇ ಬಂತು. ಜನವರಿಯ ಹಿಮದಲ್ಲಿ ನನ್ನ ಭಾವಮೈದುನ ಕಾರ್ನೆಲ್ ಸೀನಿದ್ದಕ್ಕೆ, ಫಲಕದಲ್ಲಿ ಸದ್ದು ಕೇಳಿಬಂದಿದೆ ಎಂದು ನೋಟಿಸು ಬಂತು. ಅತ್ತೆ ತಮ್ಮ ಪಾಳಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ತಪಾಸಣೆಗೆ ಬಂದವನು ಅವರ ಬೆರಳು ಏಳುವುದನ್ನು ಕಂಡು 'ಫಲಕ ಕೊಂಚ ಬಾಗಿದೆ' ಎಂದಷ್ಟೇ ಬರೆದುಕೊಂಡು ಹೋದ.

ಮಾರ್ಚಿನಲ್ಲಿ ಕಾರ್ನೆಲ್‌ಗೆ ತಡೆಯಲಾಗಲಿಲ್ಲ. ದಿನಕ್ಕೆ ಎಂಟು ಗಂಟೆ ನಿಲ್ಲುತ್ತೇವೆ, ಸಂಬಳ ಎಲ್ಲಿ ಎಂದು ಸಮಿತಿಗೆ ಬರೆದ. ವೀಲಾಕ್ ಸಾಹೇಬರು ಕಡತಗಳನ್ನು ಹನ್ನೊಂದು ದಿನ ಜಾಲಾಡಿ, ಮೊಹರು ಒತ್ತಿ ಉತ್ತರ ಕಳಿಸಿದರು. ನಾನೇ ಅದನ್ನು ಅತ್ತೆಗೆ ಓದಿ ಹೇಳಿದೆ:

"ವೇತನ ಕೊಡಲು ಬರುವುದಿಲ್ಲ. ಇದೇ ಸ್ತಂಭದಲ್ಲಿ ಇದೇ ಮನೆತನದ ಐಸಮ್ ಎಂಬುವನು ಆರು ವರ್ಷ ಸಂಬಳವಿಲ್ಲದೆ ಕೆಲಸ ಮಾಡಿ ತುದಿಗಲ್ಲು ಕೂರಿಸಿದ ಪೂರ್ವನಿದರ್ಶನವಿದೆ."

ಅತ್ತೆ ಕನ್ನಡಕ ತೆಗೆದರು. ಒರೆಸಿ ಮತ್ತೆ ಹಾಕಿಕೊಂಡರು. "ಇನ್ನೊಂದ್ಸಲ ಓದು," ಅಂದರು. ಓದಿದೆ. "ಸಹಿ ಇದೆಯಾ?" ಇದೆ ಅಂದೆ. "ಹಾಗಾದ್ರೆ ಅಚ್ಚು ಹಾಕ್ಸು, ಶರ್ಟಿನ ಬೆನ್ನ ಮೇಲೆ."

ಈಗ ಎದೆಯ ಮೇಲಿನದನ್ನು ಓದಿದ ಪ್ರವಾಸಿಗರು 'ಸ್ವಲ್ಪ ತಿರುಗಿ' ಎನ್ನುತ್ತಾರೆ. ನಾವು ತಿರುಗುತ್ತೇವೆ. ತಿರುಗಲು ಅನುಮತಿ ಪಡೆದಿದ್ದೇವೆ.

ಮೊನ್ನೆ ಸಮಿತಿ ಮನಸ್ಸು ಕರಗಿ, ಫಲಕಕ್ಕೆ ದಿನಕ್ಕೆ ನಲವತ್ತು ಡಾಲರ್ ಕೊಡಲು ಮುಂದಾಯಿತು. ಜೊತೆಗೆ ವೀಲಾಕ್ ಸಾಹೇಬರು ಸೌಜನ್ಯದಿಂದ ಒಂದು ಮಾತು ಸೇರಿಸಿದ್ದರು: ಸಂಬಳ ಪಡೆದ ಕ್ಷಣದಿಂದ ಹಳೆಯ ಪೂರ್ವನಿದರ್ಶನ ರದ್ದಾಗುವುದು. ರದ್ದಾದರೆ ಐಸಮ್ ಕೆಲಸ ಮಾಡಿದ್ದೂ ರದ್ದು. ಮನೆತನ ಸಭೆ ಸೇರಿ, ಸಮಿತಿಯ ಔದಾರ್ಯಕ್ಕೆ ವಂದನೆ ಹೇಳಿ, ಪುಕ್ಕಟೆಯಾಗಿಯೇ ನಿಲ್ಲುವುದೆಂದು ಸರ್ವಾನುಮತದಿಂದ ಒಪ್ಪಿತು. ಕಾರ್ನೆಲ್ ಕೂಡ ಕೈ ಎತ್ತಿದ.