ಹುಲ್ಲಂಕಣದಲ್ಲಿ ವೃಷಭೇಂದ್ರನು ಗೆದ್ದ ಗೇಮು

ಕೇಳಿರಿ ರಸಿಕರೇ! ಧರೆಯ ಹುಲ್ಲೆಲ್ಲ ದನಕರುಗಳ ಪಾಲಾಗಿ, ಆಂಗ್ಲನಾಡಿನ ಕಡಲತಡಿಯ ಊರೊಂದರಲ್ಲಿ ಮಾತ್ರ ಗಂಡಸರ ವೃತ್ತಿಪರ ಟೆನಿಸ್ ಪಂದ್ಯಾವಳಿಗೆಂದು ನುಣ್ಣಗೆ ಕತ್ತರಿಸಿಕೊಂಡು ಕಾದಿದ್ದ ಆ ಪುಣ್ಯಯುಗದಲ್ಲಿ, ಧಾರವಾಡಪುರಸಂಜಾತನೂ ಸದಾಜಾನುವೇದನಾವಿಭೂಷಿತನೂ ಆದ ವೃಷಭೇಂದ್ರ ಹೊಸಮನಿಯು ತನ್ನ ಕಟ್ಟಕಡೆಯ ಟೂರ್ನಿಯ ಅರ್ಹತಾಸುತ್ತಿಗೆ ಅಡಿಯಿಟ್ಟನು. ಇನ್ನು ಮುಂದೆ ಊರಿನ ಕ್ಲಬ್ಬಿನಲ್ಲಿ ಮಕ್ಕಳಿಗೆ ಪಾಠ ಹೇಳುವುದೆಂದು ನಿಶ್ಚಯವಾಗಿತ್ತು. ಆದರೆ ಆ ಮಹಾವೀರನು ಹುಲ್ಲಿನ ಮೇಲೆ ಈವರೆಗೆ ಒಂದೇ ಒಂದು ಗೇಮನ್ನೂ ಗೆದ್ದಿರಲಿಲ್ಲ.

ಬೆಳಿಗ್ಗೆ ಹೆಂಡತಿ ನೀಲಾಂಬಿಕೆಗೆ ಫೋನಿನಲ್ಲಿ ಗರ್ಜಿಸಿದ್ದನು: “ಆ ಎದುರಾಳಿ ತಾಳಿಮರದಷ್ಟ ಎತ್ತರ ಇದ್ರ ಇರವಲ್ಲನ್ಯಾಕ. ಇವತ್ತ ಆ ಹುಲ್ಲಿನ ಮ್ಯಾಲ ನನ್ನ ಹೆಸರು ಕೊರದ ಬರ್ತೀನಿ.” ಮಂಡಿಗೆ ಪಟ್ಟಿ ಕಟ್ಟಿಕೊಳ್ಳಲು ಮರೆಯಬೇಡಿರೆಂದು ಆಕೆ ಹರಸಿದ್ದಳು.

ವಜ್ರಪಾತಸಮಾನಸರ್ವಿಸಿನ ಹಂಗೇರಿಯ ಝೋಲ್ಟಾನನು ಮೊದಲ ಸೆಟ್ಟನ್ನು ಚಹಾ ಆರುವಷ್ಟರಲ್ಲಿ ಮುಗಿಸಿದನು. ಎರಡನೆಯದೂ ಐದು–ಸೊನ್ನೆಗೆ ಬಂದು ನಿಂತಾಗ, ಅದೇನು ದೈವಕೃಪೆಯೋ, ವೃಷಭೇಂದ್ರನ ಸರ್ವಿಸಿನಲ್ಲಿ ಅಡ್ವಾಂಟೇಜ್ ಅವನದೇ ಆಯಿತು. ಒಂದೇ ಪಾಯಿಂಟು ಸಾಕು! ಝೋಲ್ಟಾನನು ಚೆಂಡನ್ನು ಬಲೆಯ ಬುಡಕ್ಕೆ ಮೆಲ್ಲನೆ ಉದುರಿಸಿದನು. ಭೂಮ್ಯಾಕಾಶಗಳು ಉಸಿರು ಬಿಗಿಹಿಡಿದವು. ಗ್ಯಾಲರಿಯಲ್ಲಿದ್ದ ವೃದ್ಧದಂಪತಿಗಳು ಸ್ಯಾಂಡ್‌ವಿಚ್ ಬಿಚ್ಚುವುದನ್ನು ನಿಲ್ಲಿಸಿದರು. ನಮ್ಮ ವೀರನು ಓಡಿ, ಜಾರಿ, ಹಾರಿ, ಬೋರಲಾಗಿ ಬೀಳುತ್ತಲೇ ಚೆಂಡನ್ನು ಆಚೆಗೆ ಎತ್ತಿಹಾಕಿದನು. ಅಂಪೈರು ಗೇಮ್ ಎಂದು ಸಾರಿದನು. ದಂಪತಿಗಳು ಚಪ್ಪಾಳೆ ತಟ್ಟಿದರು.

ಹುಲ್ಲಿನಲ್ಲಿ ಮುಖವಿಟ್ಟು ಮಲಗಿದ್ದ ವೃಷಭೇಂದ್ರನಿಗೆ ಮಾತ್ರ ಗೊತ್ತಿತ್ತು: ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಅವನ ರ‍್ಯಾಕೆಟ್ಟು ಬಲೆಯನ್ನು ಸವರಿತ್ತು. ಬಲೆ ಮುಟ್ಟಿದವನಿಗೆ ಪಾಯಿಂಟಿಲ್ಲ; ಆದರೆ ಯಾರೂ ನೋಡಿರಲಿಲ್ಲ. ಮರ್ಯಾದೆಯಿಂದ ಎಷ್ಟು ಹೊತ್ತು ಮಲಗಿರಬಹುದೋ ಅಷ್ಟು ಹೊತ್ತು ಮಲಗಿದ್ದು, ಆಮೇಲೆ ಎದ್ದು ಹೋಗಿ ಅಂಪೈರಿಗೆ ಹೇಳಿಬಿಟ್ಟನು. ಪಾಯಿಂಟು ಹೋಯಿತು. ಅದರ ಹಿಂದೆಯೇ ಗೇಮು, ಸೆಟ್ಟು, ಪಂದ್ಯ ಎಲ್ಲವೂ ಹೋದವು. ಝೋಲ್ಟಾನನು ಅವನನ್ನು ತಬ್ಬಿ ಹಂಗೇರಿಯನ್ ಭಾಷೆಯಲ್ಲಿ ಏನನ್ನೋ ನುಡಿದನು. ಅದು ಹೊಗಳಿಕೆಯೆಂದೇ ಇವನು ತೀರ್ಮಾನಿಸಿಕೊಂಡನು.

ಸಂಜೆ ಈ ಕಾಳಗವನ್ನೆಲ್ಲ ಹೋಟೆಲಿನ ಕೋಣೆಯಿಂದ ಫೋನಿನಲ್ಲಿ ಬಣ್ಣಿಸಿದಾಗ ನೀಲಾಂಬಿಕೆ ಕೇಳಿದಳು, “ಹಂಗಾರ ಒಂದೂ ಗೇಮ್ ಬರಲಿಲ್ಲ?”

“ಒಂದು ಬಂದಿತ್ತು. ನಾನ ವಾಪಸ್ ಕೊಟ್ಟೆ.”

“ಚಲೋ ಮಾಡಿದ್ರಿ,” ಎಂದಳು. ಮತ್ತೆ, “ಬಿಳಿ ಚಡ್ಡಿಗೆ ಹುಲ್ಲಿನ ಕಲಿ ಹತ್ತಿರಬೇಕಲ್ರಿ? ತಣ್ಣೀರಾಗ ತೊಳೀರಿ. ಬಿಸಿನೀರು ಹಾಕಿದ್ರ ಹೋಗಂಗಿಲ್ಲ.”

ದಿಗ್ವಿಜಯಾಕಾಂಕ್ಷಿಯು ಬಿಲ್ಲೆಸಾಬೂನು ಹಿಡಿದು, ಟವೆಲ್ ಸುತ್ತಿಕೊಂಡು, ವಾಶ್‌ಬೇಸಿನ್ನಿನ ಮುಂದೆ ನಿಂತು ನಲ್ಲಿ ತಿರುಗಿಸಿದನು. ಬಿಸಿನೀರೇ ಬಂತು.