ಬೀಗರ ಮುಂದೆ ಪೇಸ್‌ಮೇಕರ್

ಆಸ್ಪತ್ರೆಯಲ್ಲಿ ನಗಬಾರದು ಅಂತ ಎಷ್ಟೇ ಬಿಗಿಯಾಗಿದ್ದರೂ, ನಮ್ಮ ಎಂಆರ್‌ಐ ಕೋಣೆಗೆ ಬರುವವರು ಬಿಡಬೇಕಲ್ಲ! ಎರಡು ಸಾವಿರದ ದಶಕದಲ್ಲಿ ದಾವಣಗೆರೆಯಿಂದ ಕೊಯಮತ್ತೂರಿಗೆ ಟೆಕ್ನಿಷಿಯನ್ ಆಗಿ ಬಂದವನು ನಾನು. ಹೃದಯದ ಕವಾಟ ದಾಟಿ ರಕ್ತ ಎಷ್ಟು ಮುಂದೆ ಹರಿಯುತ್ತದೆ, ಎಷ್ಟು ಹಿಂದಕ್ಕೆ ಸೋರುತ್ತದೆ ಅಂತ ಅಳೆಯುವುದು ನನ್ನ ಕೆಲಸ.

೧. ಜೋಗುಳ

ಈ ಅಳತೆಗೆ ರೋಗಿ ಎಚ್ಚರವಿದ್ದು, ಹೇಳಿದಾಗ ಉಸಿರು ಬಿಗಿಹಿಡಿಯಬೇಕು. ಯಂತ್ರದ ಗದ್ದಲಕ್ಕೆ ಎಲ್ಲರೂ ಬೆದರುತ್ತಾರೆ. ಹತ್ತಿರದ ನೆಗಮಂ ಊರಿನ ನೇಕಾರರೊಬ್ಬರು ಮಾತ್ರ ಗೊರಕೆ ಹೊಡೆದರು. ಸದ್ದು ನಿಂತದ್ದೇ ತಡ, ಗಾಬರಿಯಿಂದ ಕಣ್ಣುಬಿಟ್ಟರು.

"ಯಾಕೆ ಮಗ್ಗ ನಿಂತಿತು? ನೂಲು ಹರಿಯಿತಾ?"

೨. ಹೊರಗೆ ನಿಂತವರು

ಇನ್ನೊಬ್ಬರು ಕೊಯಮತ್ತೂರಲ್ಲೇ ಹುಟ್ಟಿ ಬೆಳೆದ, ಕನ್ನಡ ಮನೆಮಾತಿನ ಮೇಷ್ಟ್ರು. ಇಲ್ಲಿನವರ ತಮಿಳು ಬೆರೆತ ಕನ್ನಡದಲ್ಲಿ ತಮ್ಮ ಅಂದರೆ 'ತಂಬಿ', ಬೀಗರು ಅಂದರೆ 'ಸಂಬಂಧಿ'. ಅವರ ಕವಾಟ ಸೋರುತ್ತಿತ್ತು. ಮಗಳಿಗೆ ತಿರುಪ್ಪೂರಿನ ಕನ್ನಡದವರ ಮನೆಯ ಸಂಬಂಧ ಇನ್ನೇನು ಕುದುರುವುದರಲ್ಲಿತ್ತು. ಹುಡುಗನ ತಂದೆಯೇ ಮರ್ಯಾದೆಗೆ ಅಂತ ಮೇಷ್ಟ್ರನ್ನು ಕಾರಿನಲ್ಲಿ ಕರೆತಂದು ಪಕ್ಕದಲ್ಲೇ ನಿಂತಿದ್ದರು.

"ಪೇಸ್‌ಮೇಕರ್ ಏನಾದರೂ ಇದೆಯಾ ಸಾರ್?" ಅಂತ ಕೇಳಿದೆ. ಆಗೆಲ್ಲ ಅದಿದ್ದವರನ್ನು ನಮ್ಮ ಯಂತ್ರದ ಅಯಸ್ಕಾಂತದ ಹತ್ತಿರ ಬಿಡುವ ಹಾಗೇ ಇರಲಿಲ್ಲ, ಜೀವಕ್ಕೇ ಅಪಾಯ.

"ಛೆ ಛೆ! ಗುಂಡುಕಲ್ಲಿನ ಹಾಗಿದ್ದೀನಿ ತಂಬಿ."

ಬಟ್ಟೆ ಬದಲಿಸುವ ಕೋಣೆಯಲ್ಲಿ ಇಸಿಜಿ ಬಿಲ್ಲೆ ಅಂಟಿಸಲು ಅಂಗಿ ಸರಿಸಿದರೆ, ಎಡ ಹೆಗಲ ಕೆಳಗೆ ಬೆಂಕಿಪೊಟ್ಟಣದಷ್ಟು ಉಬ್ಬು! ಪೇಸ್‌ಮೇಕರೇ! ಆ ಪುಟ್ಟ ಬಿಲ್ಲೆಗೆ ನಾನು ಇವತ್ತಿಗೂ ಋಣಿ.

ಮೇಷ್ಟ್ರು ಕೈಮುಗಿದರು. "ಮೆಲ್ಲ ಮಾತಾಡು ತಂಬಿ. ಸಂಬಂಧಿ ಹೊರಗೇ ಇದ್ದಾರೆ. ಗೊತ್ತಾದರೆ ಮಗಳ ಕಲ್ಯಾಣ ನಿಂತುಹೋಗುತ್ತೆ."

"ಒಳಗೆ ಹೋಗಿದ್ದರೆ ನೀವೇ ನಿಂತುಹೋಗ್ತಿದ್ರಿ ಸಾರ್! ಈಗ ಹೊರಗಿನವರಿಗೆ ಏನು ಹೇಳಲಿ?"

"ಮಿಷಿನ್‌ಗೇ ಹಾರ್ಟ್ ಸರಿಯಿಲ್ಲ ಅಂತ ಹೇಳಿಬಿಡು!"

೩. ಒಳಗಿನ ಗುಟ್ಟು

ಯಂತ್ರ ಕೆಟ್ಟಿದೆ ಅಂತ ಹೇಳಿ ಮೇಷ್ಟ್ರನ್ನು ಅಯಸ್ಕಾಂತದ ಭಯವಿಲ್ಲದ ಎಕೋ ಪರೀಕ್ಷೆಗೆ ಕಳಿಸಿದೆ. ಸೋರಿಕೆ ಹೆಚ್ಚಿಲ್ಲ, ಆಪರೇಷನ್ ಬೇಡ ಅಂತ ಆಮೇಲೆ ಗೊತ್ತಾಯಿತು. ಅವರು ಅತ್ತ ಹೋದದ್ದೇ, ತಿರುಪ್ಪೂರಿನವರು ನನ್ನನ್ನು ಮೂಲೆಗೆ ಕರೆದರು. ಗುಟ್ಟು ರಟ್ಟಾಯಿತು ಅಂದುಕೊಂಡೆ.

"ಮಿಷಿನ್ ನಿಜವಾಗಲೂ ಕೆಟ್ಟಿದೆಯಾ?"

"ಹೌದು ಸಾರ್."

"ದೇವರು ದೊಡ್ಡವನು! 'ಬಂದದ್ದು ಬಂದಿರಿ, ನೀವೂ ಒಂದು ಸ್ಕ್ಯಾನ್ ಮಾಡಿಸಿ' ಅಂತ ಬೆಳಗ್ಗೆಯಿಂದ ಅವರದು ಒಂದೇ ಉಪಚಾರ." ಅಂಗಿಯ ಗುಂಡಿ ಬಿಚ್ಚಿದರು. ಅಲ್ಲೂ ಅದೇ ಉಬ್ಬು! "ಹುಡುಗಿ ಮನೆಯವರಿಗೆ ಹೇಳಬೇಡ ತಂಬಿ."

ಅಂದು ಕ್ಯಾಂಟೀನಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ನನಗೆ ಕಾಫಿ ಕೊಡಿಸಿದರು.

೪. ಬೆಂಚು

ಮದುವೆ ಸಾಂಗವಾಗಿ ಆಯಿತು. ಹೊರಗಿನಿಂದ ಬಂದ ನನ್ನನ್ನು ಎರಡೂ ಮನೆಯವರು ಮೊದಲ ಪಂಕ್ತಿಯಲ್ಲೇ ಕೂರಿಸಿ ಬಡಿಸಿದರು. ಆ ಪ್ರೀತಿಗೆ ಕಣ್ಣು ಒದ್ದೆಯಾಯಿತು. ಆಮೇಲೆ ಒಂದು ದಿನ ಹೃದಯ ವಿಭಾಗದ ಮುಂದೆ ಹಾಯುವಾಗ ನೋಡುತ್ತೇನೆ, ಒಂದೇ ಬೆಂಚಿನ ಎರಡು ತುದಿಯಲ್ಲಿ ಇಬ್ಬರು ಬೀಗರು!

"ನೀವೇನು ಇಲ್ಲಿ?" ಅಂದರು ಮೇಷ್ಟ್ರು.

"ಪಕ್ಕದ ಮನೆಯವರ ಜೊತೆಗೆ ಬಂದೆ. ನೀವು?"

"ನಾನೂ ಹಾಗೇ."

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು, ಪೇಸ್‌ಮೇಕರ್ ತಪಾಸಣೆಗೆ ಅಂತ ಇಬ್ಬರ ಹೆಸರನ್ನೂ ಒಟ್ಟಿಗೇ ಕೂಗಿದರು. ಇಬ್ಬರೂ ಮುಖಮುಖ ನೋಡಿಕೊಂಡರು. ನಾನು ಕಂಬದ ಹಿಂದೆ ಸರಿದೆ. ಕೊನೆಗೆ ತಿರುಪ್ಪೂರಿನವರು ಗಂಟಲು ಸರಿಮಾಡಿಕೊಂಡರು.

"ನಿಮ್ಮದಕ್ಕೆ ಎಷ್ಟು ವರ್ಷ ಬ್ಯಾಟರಿ, ಸಂಬಂಧಿ?"

"ಹತ್ತು ಅಂದಿದ್ದಾರೆ."

"ಇದೇನು ಅನ್ಯಾಯ! ಗಂಡಿನ ಕಡೆಯವರು ನಾವು, ನಮಗೆ ಎಂಟೇನಾ?"