ಅತ್ತೆಯ ಜಾಡಿಗೆ ಅಳಿಯನ ಕಾವಲು

ಬದುಕಿದ್ದಾಗ ಅಳಿಯನ ಕೈಗೆ ಒಂದು ಮೊಟ್ಟೆಯನ್ನೂ ನಂಬಿ ಕೊಡದಿದ್ದ ಅತ್ತೆ, ಸತ್ತ ಮೇಲೆ ಇಡೀ ಮನೆಯನ್ನೇ ಅದೇ ಅಳಿಯನ ತಲೆಗೆ ಕಟ್ಟಿ ಹೋದದ್ದು ಯಾವ ಜನ್ಮದ ಸೇಡು ಎಂಬುದು ಲಾಯ್ ಪಕ್-ಮನ್‌ಗೆ ತಿಳಿಯಲೇ ಇಲ್ಲ. ಉಯಿಲು ಸ್ಪಷ್ಟವಾಗಿತ್ತು. ತೋ-ಕ್ವಾ-ವಾನ್ ಬಡಾವಣೆಯ ಫ್ಲ್ಯಾಟು ಇಬ್ಬರು ಹೆಣ್ಣುಮಕ್ಕಳಿಗೂ ಸಮಪಾಲು. ಅದರೊಳಗಿನ ಸಾಮಾನು ಯಾರಿಗೆ ಯಾವುದು ಎಂಬುದನ್ನು ಕಿರಿಯ ಅಳಿಯನೇ ತೀರ್ಮಾನಿಸತಕ್ಕದ್ದು. ಕೋರ್ಟಿನಿಂದ ಪ್ರೊಬೇಟ್ ಎಂಬ ಒಪ್ಪಿಗೆ ಪತ್ರ ತಂದು ಉಯಿಲನ್ನು ಜಾರಿ ಮಾಡತಕ್ಕ ಎಕ್ಸಿಕ್ಯೂಟರ್ ಮಹಾಶಯನೂ ಅವನೇ. (ಹಿರಿಯ ಅಳಿಯ ಜಾಣ. ಎಂದೋ ವಿಚ್ಛೇದನ ಪಡೆದು ಮಕಾವ್ ಸೇರಿಕೊಂಡಿದ್ದ.)

ಸಾಮಾನು ಎಂದರೆ ಕಾಲು ಅಲ್ಲಾಡುವ ಮಾಜಾಂಗ್ ಆಟದ ಮೇಜು, ಮುಚ್ಚಳ ಹೋದ ಫ್ಲಾಸ್ಕು, ಮಡಚುವ ಕುರ್ಚಿಗಳು. ಅದು ಯಾರಿಗೂ ಬೇಡ. ಎಲ್ಲರಿಗೂ ಬೇಕಾದದ್ದು ಒಂದೇ, ಅತ್ತೆಯ ಒಣ ಕಿತ್ತಳೆ ಸಿಪ್ಪೆಯ ಜಾಡಿ. ಸಿಪ್ಪೆ ತಾನೇ ಎಂದು ಮೂಗು ಮುರಿಯಬೇಡಿ. ಹಳತಾದಷ್ಟೂ ಅದರ ಘಮ ಏರುತ್ತದೆ, ಬೆಲೆಯೂ ಏರುತ್ತದೆ. ಅತ್ತೆ ತನ್ನ ತವರೂರು ಸನ್‌ವುಯಿಯಿಂದ ಹೊಸ ಸೊಸೆಯಾಗಿ ಬಂದಾಗ ತಂದ ಸಿಪ್ಪೆ ಅದು. ದಾರಕ್ಕೆ ಪೋಣಿಸಿ, ತನ್ನದೇ ಒಂದು ಗಂಟು ಹಾಕಿ, ಚಳಿಗಾಲ ಬಂದಾಗಲೆಲ್ಲ ಬಿಸಿಲು ಕಾಯಿಸಿ, ಹೆತ್ತ ಮಕ್ಕಳಿಗಿಂತ ಜೋಪಾನವಾಗಿ ಸಾಕಿದ್ದಳು. ಹೊಸವರ್ಷದ ಬಾತುಕೋಳಿ ಸೂಪಿಗೆ ಒಂದು ಚೂರು ಮುರಿದು ಹಾಕುವಾಗಲೂ ಅವಳ ಮುಖದಲ್ಲಿ ನೋವು ಕಾಣುತ್ತಿತ್ತು.

ಏಳನೇ ದಿನದ ಪೂಜೆ ಮುಗಿದು ಊದುಬತ್ತಿ ಇನ್ನೂ ಉರಿಯುತ್ತಿರುವಾಗಲೇ ಕದನ ಶುರುವಾಯಿತು.

"ಜಾಡಿ ನಂದು. ಹಿರಿಯವಳು ನಾನು," ಎಂದಳು ಅಕ್ಕ ಶುಕ್-ಕ್ಯೂನ್.

"ಅಮ್ಮ ಹಾಸಿಗೆ ಹಿಡಿದಾಗ ಕಾಲು ಒತ್ತಿದ್ದು ಹಿರಿಯವಳೋ ಕಿರಿಯವಳೋ?" ಎಂದಳು ಪಕ್-ಮನ್‌ನ ಹೆಂಡತಿ ಯುಕ್-ಲಾನ್.

"ಓಹೋ, ಕಾಲು ಒತ್ತಿದ್ದಕ್ಕೆ ಕೂಲಿ ಕೇಳ್ತಿದೀಯಾ?"

"ನೀನೂ ಒತ್ತಿದೀಯ ಬಿಡು, ಫೋನಲ್ಲಿ!"

"ಅದನ್ನ ಅರ್ಧ ಅರ್ಧ ಮಾಡಿದ್ರೆ..." ಎಂದು ಪಕ್-ಮನ್ ಬಾಯಿ ತೆರೆದ.

"ಅಮ್ಮನ ಜಾಡಿ ಪಾಲು ಮಾಡ್ತೀರಾ?" ಎಂದು ಇಬ್ಬರೂ ಒಟ್ಟಿಗೇ ಎರಗಿದರು. ಅವತ್ತು ಅವರಿಬ್ಬರಲ್ಲಿ ಒಮ್ಮತ ಮೂಡಿದ್ದು ಅದೊಂದು ಗಳಿಗೆ ಮಾತ್ರ. ಕೊನೆಗೆ ಜಾಡಿಯ ಮುಚ್ಚಳಕ್ಕೆ ಟೇಪು ಸುತ್ತಿ, ಟೇಪಿನ ಮೇಲೆ ಇಬ್ಬರೂ ಸಹಿ ಹಾಕಿ, ಫ್ಲ್ಯಾಟಿಗೆ ಬೀಗ ಜಡಿದು ಹೊರಟರು.

ಪಕ್-ಮನ್‌ಗೆ ಊಟ ಸೇರದಾಯಿತು. ಜಾಡಿ ಹೆಂಡತಿಗೆ ಎಂದರೆ ಅಕ್ಕ ಇನ್ನು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಅಕ್ಕನಿಗೆ ಎಂದರೆ ತಾನೇ ಹೊಸ್ತಿಲಾಚೆ ಮಲಗಬೇಕು. ಅವನಿಗೆ ನಿಜವಾಗಿ ಸಂಕಟವಾದದ್ದು ಇನ್ನೊಂದಕ್ಕೆ. ಪರಲೋಕದಲ್ಲಿ ಅತ್ತೆಗೆ ಮನೆಯಾಗಲೆಂದು ಕಾಗದದ ಮನೆ ಸುಡುವಾಗ ಆ ಬೆಂಕಿಯ ಮುಂದೆ ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಗಟ್ಟಿಯಾಗಿ ಹಿಡಿದು ನಿಂತಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಯುಕ್-ಲಾನ್‌ಗೆ ತವರು ಅಂತ ಉಳಿದಿದ್ದವಳು ಆ ಅಕ್ಕ ಒಬ್ಬಳೇ. ತನ್ನ ಬಾಯಿಂದ ಬರುವ ಒಂದು ತೀರ್ಪು ಆ ತವರನ್ನೂ ಮುಗಿಸಿಬಿಡುತ್ತದಲ್ಲ ಎಂದು ಅವನಿಗೆ ಹೆದರಿಕೆಯಾಗಿತ್ತು.

ಆಗ ಹೊಳೆಯಿತು ಉಪಾಯ. ಎಕ್ಸಿಕ್ಯೂಟರ್ ಪದವಿಗೇ ರಾಜೀನಾಮೆ ಕೊಟ್ಟುಬಿಟ್ಟರೆ? ತೀರ್ಮಾನ ಕೋರ್ಟಿನ ಪಾಲಾಗುತ್ತದೆ. ಇಬ್ಬರೂ ಸೇರಿ ಕೋರ್ಟನ್ನು ಬೈದುಕೊಳ್ಳಲಿ! ಅವನು ವಕೀಲೆ ಮಿಸ್ ಔಯೆಂಗ್‌ಗೆ ಫೋನು ಮಾಡಿ ಸಮಯ ಗೊತ್ತುಮಾಡಿಕೊಂಡ.

ಹೊರಡುವ ಹೊತ್ತಿಗೆ ಯುಕ್-ಲಾನ್ ಅವನ ಕೈಗೊಂದು ಕೆಂಪು ಚೀಲ ತುರುಕಿದಳು.

"ಏನಿದು?"

"ವಕೀಲರ ಹತ್ರ ಕೈ ಬೀಸ್ಕೊಂಡು ಹೋಗ್ತೀರಾ? ಮರ್ಯಾದೆ ಬೇಡ್ವಾ? ಎರಡೂ ಕೈಲಿ ಕೊಡಿ, ಅಷ್ಟೇ ನಿಮ್ಮ ಕೆಲಸ." ಅವಳು ಬೇಕರಿಯ ಪಾಳಿಗೆ ಹೊತ್ತಾಯಿತೆಂದು ಓಡಿದಳು.

ವಕೀಲರ ಕಟ್ಟಡದ ಲಿಫ್ಟಿನ ಮುಂದೆ, ಕಚೇರಿಗೆ ಫೋನು ಮಾಡಿ ಸಮಯ ತಿಳಿದುಕೊಂಡಿದ್ದ ಶುಕ್-ಕ್ಯೂನ್ ಕಾದು ನಿಂತಿದ್ದಳು. "ಏನಕ್ಕೆ ಸಹಿ ಹಾಕ್ತೀಯೋ ನಾನೂ ನೋಡ್ಬೇಕು," ಎಂದಳು.

ಮಿಸ್ ಔಯೆಂಗ್ ಗಡಿಯಾರ ನೋಡಿಕೊಂಡು ಮಾತಾಡುವ ಹೆಂಗಸು. "ಬಿಡಬಹುದು ಲಾಯ್ ಅವರೇ, ಅದಕ್ಕೇನು. ಆದ್ರೆ ಸತ್ತವರ ಆಸ್ತೀಲಿ ನೀವು ಕೈ ಹಾಕಿರಬಾರದು. ಮಾರಿರಬಾರದು, ಯಾರಿಗೂ ಎತ್ತಿ ಕೊಟ್ಟಿರಬಾರದು. ಒಂದು ಸಲ ಕೈ ಹಾಕಿದ್ರೆ ಮುಗೀತು, ಕೊನೇವರೆಗೂ ನೀವೇ ಹೊರಬೇಕು. ಕೈ ಹಾಕಿದೀರಾ?"

"ಒಂದು ಕಡ್ಡೀನೂ ಮುಟ್ಟಿಲ್ಲ!"

"ಸರಿ, ಹಾಗಂತ ಇಲ್ಲಿ ಸಹಿ ಮಾಡಿ."

ಸಹಿಗೆ ಮುಂಚೆ ಮರ್ಯಾದೆ ಎಂದುಕೊಂಡ ಪಕ್-ಮನ್, ಎದ್ದು ನಿಂತು, ಬಗ್ಗಿ, ಎರಡೂ ಕೈಯಲ್ಲಿ ಕೆಂಪು ಚೀಲವನ್ನು ಮೇಜಿನ ಮೇಲೆ ಒಪ್ಪಿಸಿದ. ಶುಕ್-ಕ್ಯೂನ್‌ಳ ಮೂಗು ಅರಳಿತು. ಮಾರುಕಟ್ಟೆಯ ಮೀನಿನವರೆಲ್ಲ ಹೆದರುವ ಮೂಗು ಅದು. ಅವಳು ಚೀಲವನ್ನು ಸರಕ್ಕನೆ ಎಳೆದು ಬಿಚ್ಚಿದಳು. ಒಳಗಿಂದ ದಾರಕ್ಕೆ ಪೋಣಿಸಿದ ಕರಿಗಂದು ಸಿಪ್ಪೆಗಳು ಬಂದವು. ಕೋಣೆಯೆಲ್ಲ ಅತ್ತೆಯೇ ಎದ್ದು ಬಂದಂತೆ ಘಮಘಮ ಎಂದಿತು.

"ಇದು ಅಮ್ಮನ ಗಂಟು!" ಎಂದಳು. "ಅಮ್ಮನ ಸಿಪ್ಪೆ! ಜಾಡಿಯಿಂದ ಯಾರು ತೆಗೆದದ್ದು?"

ಪಕ್-ಮನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. 'ನನ್ನ ಹೆಂಡತಿ ಕೊಟ್ಟಳು' ಎಂದರೆ ತಾನು ಪಾರು. ಸಹಿ ಮಾಡಿ, ಕೆಳಗಿನ ಅಂಗಡಿಯಲ್ಲಿ ಹಾಲಿನ ಚಹಾ ಕುಡಿದು ಮನೆಗೆ ಹೋಗಬಹುದು. ಆದರೆ ಅಕ್ಕನ ಕಣ್ಣಲ್ಲಿ ಯುಕ್-ಲಾನ್ ಸಾಯುವತನಕ ಕಳ್ಳಿ. ಅಯ್ಯೋ, ಏನು ಕೆಲಸ ಮಾಡಿದೆಯೇ ಮಾರಾಯ್ತಿ ಎಂದು ಒಳಗೊಳಗೇ ಬೈದುಕೊಂಡ. ಆದರೂ ಹೆಂಡತಿಯ ಮೇಲಿನ ಪ್ರೀತಿಯೇ ಗೆದ್ದಿತು.

"ನಾನೇ," ಎಂದ.

"ನೀನಾ?"

"ನಾನೇ. ಟೇಪು ಬಿಚ್ಚಿ ತೆಗೆದೆ."

ಮಿಸ್ ಔಯೆಂಗ್ ಕಾಗದವನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು. "ಲಾಯ್ ಅವರೇ, ಇನ್ನು ರಾಜೀನಾಮೆ ಸಾಧ್ಯ ಇಲ್ಲ. ನೀವೇ ಎಕ್ಸಿಕ್ಯೂಟರ್. ಪ್ರೊಬೇಟ್ ಅರ್ಜಿ ಶುರು ಮಾಡೋಣ," ಎಂದು ಬೇರೊಂದು ದಪ್ಪ ಕಟ್ಟು ತೆಗೆದಳು. ಶುಕ್-ಕ್ಯೂನ್ ಸಿಪ್ಪೆಯನ್ನು ಎದೆಗವಚಿಕೊಂಡು, ಜಾಡಿ ನೋಡಿಬರುತ್ತೇನೆಂದು ಬಿರುಗಾಳಿಯಂತೆ ಹೊರಟುಹೋದಳು.

ಸಂಜೆ ಮನೆಯಲ್ಲಿ ಯುಕ್-ಲಾನ್ ಸೂಪು ಕುದಿಸುತ್ತಿದ್ದಳು. ಪಕ್-ಮನ್ ಹುತಾತ್ಮನ ಗಾಂಭೀರ್ಯದಿಂದ ಎಲ್ಲವನ್ನೂ ಹೇಳಿ, "ಹೋಗಲಿ ಬಿಡು, ನಿನ್ನ ಹೆಸರು ಎತ್ತಲಿಲ್ಲ," ಎಂದ.

ಅವಳ ಸೌಟು ನಿಂತಿತು. "ಜಾಡಿಯಿಂದ ತೆಗೆದೆ ಅಂತ ಯಾರು ಹೇಳಿದ್ದು? ಅದು ಮದುವೇಲಿ ಅಮ್ಮ ನಂಗೆ ಕೊಟ್ಟಿದ್ದು. ಇಷ್ಟು ವರ್ಷ ಬೀರುವಿನಲ್ಲಿತ್ತು!"

"ನಿಂದೇನಾ?"

"ಅಂದ್ರೆ ನನ್ನ ಕಳ್ಳಿ ಅಂದ್ಕೊಂಡ್ರಾ?"

"ಇಲ್ಲ... ಅದು... ಆ ಗಾಬರೀಲಿ..." ಪಕ್-ಮನ್ ಫೋನಿಗೆ ಕೈಹಾಕಿದ. "ಈಗಲೇ ವಕೀಲರಿಗೆ ನಿಜ ಹೇಳ್ತೀನಿ. ನಾನು ಏನೂ ಮುಟ್ಟಿಲ್ಲ, ಇನ್ನೂ ಬಿಡಿಸ್ಕೋಬಹುದು!"

ಅವಳು ಫೋನು ಕಿತ್ತುಕೊಂಡಳು. "ಹೇಳಿದ್ರೆ ನೋಡಿ! ಅಕ್ಕನ ಮದುವೇಲಿ ಅಮ್ಮ ಒಂದು ಚೂರೂ ಕೊಟ್ಟಿರಲಿಲ್ಲ. ಅವಳಿಗೆ ಯಾವತ್ತೂ ಹೇಳಬೇಡ ಅಂತ ಕೈಮೇಲೆ ಕೈ ಹಾಕಿಸ್ಕೊಂಡು ಆಣೆ ತಗೊಂಡಿದ್ರು. ಗೊತ್ತಾದ್ರೆ ಎದೆ ಒಡ್ಕೋತಾಳೆ. ಹೇಗೂ ಕಳ್ಳ ಆಗಿದೀರಿ, ಹಾಗೇ ಇರಿ."

ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು. ಶುಕ್-ಕ್ಯೂನ್ ಒಳಗೆ ಬಂದು ಚಪ್ಪಲಿಯನ್ನೂ ಬಿಡದೆ ನಿಂತಳು.

"ಜಾಡಿ ನೋಡಿ ಬಂದೆ. ಟೇಪು ಹಾಕಿದ ಹಾಗೇ ಇದೆ. ನನ್ನ ಸಹಿ, ಇವಳ ಸಹಿ, ಒಂದೂ ಅಲ್ಲಾಡಿಲ್ಲ."

ಒಲೆಯ ಮೇಲೆ ಸೂಪು ಕೊತಕೊತ ಎನ್ನುತ್ತಿತ್ತು. ಯುಕ್-ಲಾನ್ ಸೌಟು ಹಿಡಿದು ಒಲೆಯತ್ತ ತಿರುಗಿದಳು. ಇಷ್ಟು ಕಾಲದ ಗುಟ್ಟು ಈಗ ಸಿಡಿಯುತ್ತದೆ ಎಂದು ಪಕ್-ಮನ್ ಗೋಡೆಗೆ ಆತುಕೊಂಡ.

"ದಾರಿಯುದ್ದಕ್ಕೂ ಯೋಚನೆ ಮಾಡ್ದೆ," ಎಂದಳು ಅಕ್ಕ. "ನಿನ್ನ ಗಂಡ ಟೇಪಿಗೆ ಆವಿ ಹಿಡಿದು ಬಿಚ್ಚಿ, ತಿರುಗಿ ಅಂಟಿಸಿದಾನೆ! ನಲ್ಲಿ ರಿಪೇರಿ ಮಾಡೋಕೆ ಬರದವನ ಕೈಚಳಕ ನೋಡು! ಪಾಪ ಕಣೇ, ಇಂಥವನ ಜೊತೆ ಹೇಗೆ ಬಾಳುವೆ ಮಾಡಿದೆಯೇ ನೀನು?"

ಯುಕ್-ಲಾನ್ ಗಂಡನ ಮುಖ ನೋಡಿದಳು. ಅಕ್ಕನ ಮುಖ ನೋಡಿದಳು. ಕಣ್ಣು ತುಂಬಿಕೊಂಡಳು.

"ಏನ್ಮಾಡ್ಲಿ ಅಕ್ಕ, ನನ್ನ ಹಣೇಬರಹ."

ಅಕ್ಕ ತಂಗಿಯನ್ನು ತಬ್ಬಿಕೊಂಡಳು. ಇಬ್ಬರೂ ಅಮ್ಮನನ್ನು ನೆನೆದು ಮನದಣಿಯೆ ಅತ್ತರು. ಅತ್ತು ಮುಗಿದ ಮೇಲೆ ಒಂದೇ ಸೋಫಾದಲ್ಲಿ ಕೂತು ಸೂಪು ಕುಡಿದರು. ಅಂಥ ಕಳ್ಳನ ತೀರ್ಪಿಗೆ ಬಿಡುವುದಕ್ಕಿಂತ ಜಾಡಿಯನ್ನು ಒಂದು ವರ್ಷ ನೀನಿಟ್ಟುಕೋ, ಒಂದು ವರ್ಷ ನಾನಿಟ್ಟುಕೊಳ್ಳುತ್ತೇನೆ ಎಂದು ಬಟ್ಟಲು ಖಾಲಿಯಾಗುವಷ್ಟರಲ್ಲಿ ಇತ್ಯರ್ಥ ಮಾಡಿಕೊಂಡರು. ತವರು ಉಳಿಯಿತು ಎಂದು ಪಕ್-ಮನ್‌ಗೆ ನಿಜವಾಗಿಯೂ ಹಾಯೆನಿಸಿತು. ತನಗೂ ಒಂದು ಬಟ್ಟಲು ಬರಬಹುದೆಂದು ಬಾಗಿಲ ಬಳಿ ನಿಂತೇ ಇದ್ದ.

"ನಾಳೆ ಇವರು ಪ್ರೊಬೇಟಿಗೆ ಅಂತ ಸಾಮಾನಿನ ಲೆಕ್ಕ ಬರೆಯೋಕೆ ಅಮ್ಮನ ಮನೆಗೆ ಹೋಗ್ಬೇಕಂತೆ ಅಕ್ಕ," ಎಂದಳು ಯುಕ್-ಲಾನ್. "ಒಬ್ಬರನ್ನೇ ಕಳಿಸೋಕೆ ಭಯ. ನಾನು ಜೊತೆಗೆ ಹೋಗ್ಲಾ?"

"ನೀನೊಬ್ಬಳು ಸಾಲಲ್ಲ," ಎಂದಳು ಅಕ್ಕ. "ಇಬ್ಬರೂ ಹೋಗೋಣ."